ಕೆರೆ ಏರಿಗೂ ಒಂದು ಆಡಿಟ್

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘದ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳುವುದು ರೂಢಿ. ನನಗಿಂತ ಮೊದಲು ಮಾತಾಡಿದವರು ಅದನ್ನು ಚೆನ್ನಾಗಿಯೇ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವನು, ಭಾಷಣಕಾರನಲ್ಲ. ನನಗೆ ಕೊಟ್ಟಿರುವ ವಿಷಯ 'ಕೃಷಿ ಮತ್ತು ನೀರು' ಅಂತ. ಬಹಳ ದೊಡ್ಡ ವಿಷಯ. ಅದರಲ್ಲಿ ನಾನು ಒಂದೇ ಮೂಲೆ ಹಿಡಿದು ಮಾತಾಡುತ್ತೇನೆ. ಸಣ್ಣ ಮಣ್ಣಿನ ಕಟ್ಟೆಗಳು, ಅವು ಗಟ್ಟಿಯಾಗಿವೆಯೋ ಇಲ್ಲವೋ ಅಂತ ನೋಡುವ ಕ್ರಮ, ಅದಕ್ಕೆ ಕೊಡುವ ದರ್ಜೆ, ಇಷ್ಟೇ.

ಇದಕ್ಕೆ ಕಾರಣ ಇದೆ. ಹೋದ ಸರ್ವಸದಸ್ಯರ ಸಭೆಯಲ್ಲಿ ಹೊಸ ಗೋದಾಮಿನ ಪ್ರಸ್ತಾಪ ಬಂದಾಗ ಏರಿ ಕೆಳಗಿನ ಜಾಗ ಬೇಡ ಅಂತ ಹೇಳಿದವನು ನಾನೊಬ್ಬನೇ. ಜಾಗ ಪುಕ್ಕಟೆ ಸಿಗುತ್ತದೆ, ರಸ್ತೆ ಪಕ್ಕದಲ್ಲಿದೆ, ಲಾರಿ ತಿರುಗಿಸಲು ಅನುಕೂಲ, ಇವನಿಗೇನು ಕಷ್ಟ ಅಂತ ಕೆಲವರಿಗೆ ಬೇಸರ ಆಯಿತು. ಅವತ್ತು ನನಗೆ ಸರಿಯಾಗಿ ವಿವರಿಸೋಕೆ ಆಗಲಿಲ್ಲ. ಸಭೆಯಲ್ಲಿ ಗದ್ದಲ ಜಾಸ್ತಿ, ನನಗೂ ಸ್ವಲ್ಪ ಕೋಪ ಬಂದಿತ್ತು. ಇವತ್ತು ಮೈಕು ನನ್ನ ಕೈಲಿದೆ.

2022ರ ಮಳೆ ನಿಮಗೆಲ್ಲ ನೆನಪಿದೆ. ಆ ವರ್ಷ ನಮ್ಮ ಕೆರೆ ಕೋಡಿ ಬಿದ್ದು ಊರಿನವರು ಬಾಗಿನ ಬಿಟ್ಟು ಸಂತೋಷಪಟ್ಟೆವು. ಮಾರನೇ ವಾರ ಒಂದು ರಾತ್ರಿ ಏರಿ ಬುಡದಲ್ಲಿ, ತೂಬಿನಿಂದ ಒಂದಿಪ್ಪತ್ತು ಮಾರು ದೂರದಲ್ಲಿ, ನೆಲದೊಳಗಿಂದ ನೀರು ಉಕ್ಕುತ್ತಿದೆ ಅಂತ ನೀರುಗಂಟಿ ಓಡಿಬಂದ. ಟಾರ್ಚ್ ಬಿಟ್ಟು ನೋಡಿದರೆ ನೀರು ಕೆಂಪಗಿತ್ತು. ಬಗ್ಗಡ. ಅವನು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ತಿಳಿ ನೀರು ಬಂದ್ರೆ ಕೆರೆ ಬೆವರ್ತಾ ಇದೆ ಅಂತ, ಕೆಂಪು ನೀರು ಬಂದ್ರೆ ಏರಿ ಕರಗ್ತಾ ಇದೆ ಅಂತ." ಸೊಸೈಟಿ ಬಾಗಿಲು ತೆಗೆಸಿ ಖಾಲಿ ಗೊಬ್ಬರದ ಚೀಲ ಎಷ್ಟಿದ್ದವೋ ಅಷ್ಟನ್ನೂ ಹೊತ್ತುಕೊಂಡು ಹೋಗಿ ಮರಳು ತುಂಬಿದೆವು. ಉಕ್ಕುವ ಬಾಯಿಯನ್ನು ಮುಚ್ಚಬೇಡಿ, ಸುತ್ತ ಬಾವಿಕಟ್ಟೆ ಹಾಗೆ ಚೀಲ ಜೋಡಿಸಿ ಅಂತ ಹಿರಿಯರೊಬ್ಬರು ಹೇಳಿದರು. ಹಾಗೇ ಮಾಡಿದೆವು. ಒಳಗೆ ನೀರು ನಿಂತು ನಿಂತು ಬೆಳಗಿನ ಜಾವಕ್ಕೆ ತಿಳಿಯಾಯಿತು. ಕೋಡಿ ಹತ್ತಿರ ಮೀನಿನವರು ಕಟ್ಟಿದ್ದ ಬಲೆಯನ್ನೂ, ನಮ್ಮವರೇ ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ಪೇರಿಸಿದ್ದ ಕಲ್ಲನ್ನೂ ಕಿತ್ತುಹಾಕಿದ ಮೇಲೆ ಕೆರೆ ಇಳಿಯಿತು.

ಆ ರಾತ್ರಿ ಏರಿ ಕೆಳಗಿನ ಮನೆಗಳ ಹೆಂಗಸರು ಮಕ್ಕಳು ಶಾಲೆಯ ಜಗುಲಿಯಲ್ಲಿ ಕೂತಿದ್ದರು. ನಾನು ಚಿಕ್ಕವನಿದ್ದಾಗ ಅಲ್ಲಿ ಒಂದು ಮನೆಯೂ ಇರಲಿಲ್ಲ, ಬರೀ ಗದ್ದೆ. ಈಗ ಮೂವತ್ತಕ್ಕೂ ಮೇಲೆ ಇವೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಅಕ್ಕನ ಮಗ ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿದ್ದಾನೆ. ಮಣ್ಣು ಪರೀಕ್ಷೆಗೆ ಸಂಬಂಧಪಟ್ಟ ಕೆಲಸ. ಹೋದ ದೀಪಾವಳಿಗೆ ಬಂದಿದ್ದಾಗ ಅವನನ್ನು ಏರಿ ಮೇಲೆ ಕರೆದುಕೊಂಡು ಹೋಗಿ ಆ ಜಾಗ ತೋರಿಸಿದೆ. ಅವನು ಸುಮ್ಮನೆ ನೋಡಿ, "ಮಾಮ, ನಾನಿರೋ ಕಡೆ ಇಂಥ ಕಟ್ಟೆ ಎರಡು ಸಾವಿರ ಇವೆ, ಅಲ್ಲಿನ ರೈತರಿಗೂ ಇದೇ ತಲೆನೋವು" ಅಂದ. ಅಮೆರಿಕ ಅಂದರೆ ದೊಡ್ಡ ದೊಡ್ಡ ಕಾಂಕ್ರೀಟ್ ಅಣೆಕಟ್ಟು ಅಂತ ತಿಳಿದಿದ್ದ ನನಗೆ ಆಶ್ಚರ್ಯವಾಯಿತು. ಆಮೇಲೆ ಎರಡು ವಾರ ಸಂಜೆ ಹೊತ್ತು ಅವನಿಂದ ಓದಿಸಿ, ಕೇಳಿ ಬರೆದುಕೊಂಡ ವಿಷಯ ಇದು.

ಒಕ್ಲಹೋಮಾದಲ್ಲಿ ವಾಶಿಟಾ ಅಂತ ಒಂದು ನದಿ. 1934ರ ಏಪ್ರಿಲ್‌ನಲ್ಲಿ ಅದು ಉಕ್ಕಿ ಹ್ಯಾಮನ್ ಎಂಬ ಊರಿನ ಹತ್ತಿರ 17 ಜನ ಸತ್ತರು. ಅದೇ ಕಾಲದಲ್ಲಿ ಆ ಸೀಮೆಯಲ್ಲಿ ಮಳೆ ಇಲ್ಲದೆ ಹೊಲದ ಮಣ್ಣೆಲ್ಲ ಗಾಳಿಗೆ ಹಾರಿಹೋಗಿ ಜನ ಊರು ಬಿಟ್ಟರು. ಒಂದು ಕಡೆ ಬರ, ಒಂದು ಕಡೆ ನೆರೆ, ನಮ್ಮ ಹಾಗೇ. ಕಡೆಗೆ 1944ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಕಾನೂನು ಮಾಡಿ 11 ನದೀಪಾತ್ರಗಳಲ್ಲಿ ಕೆಲಸ ಶುರುಮಾಡಿತು, ವಾಶಿಟಾ ಅದರಲ್ಲೊಂದು. ನದಿ ದೊಡ್ಡದಾದ ಮೇಲೆ ತಡೆಯುವುದಲ್ಲ, ಮೇಲೆ ಹಳ್ಳ ಹಳ್ಳಕ್ಕೂ ಸಣ್ಣ ಮಣ್ಣಿನ ಕಟ್ಟೆ ಹಾಕಿ ಮಳೆನೀರನ್ನು ಅಲ್ಲಲ್ಲೇ ನಿಲ್ಲಿಸಿ ನಿಧಾನಕ್ಕೆ ಬಿಡುವುದು. ಮೊದಲನೇ ಕಟ್ಟೆ 1948ರ ಜುಲೈನಲ್ಲಿ ಕಾರ್ಡೆಲ್ ಪಟ್ಟಣದ ಹತ್ತಿರ ಕ್ಲೌಡ್ ಕ್ರೀಕ್ ಎಂಬ ಹಳ್ಳಕ್ಕೆ ಆಯಿತು. 1954ರಲ್ಲಿ ಇನ್ನೊಂದು ಕಾನೂನು ಬಂದು ಇದು ದೇಶಕ್ಕೆಲ್ಲ ಹರಡಿತು. ಒಕ್ಲಹೋಮಾ ಒಂದರಲ್ಲೇ ಇಂಥ 2,107 ಕಟ್ಟೆಗಳಿವೆ. ದೇಶದಲ್ಲಿ ಒಟ್ಟು 11,800ಕ್ಕಿಂತ ಮೇಲೆ.

ನನಗೆ ಇಷ್ಟವಾದದ್ದು ಅದರ ವ್ಯವಸ್ಥೆ. ಕಟ್ಟುವ ಖರ್ಚು ಸರ್ಕಾರದ್ದು, ಜಾಗ ರೈತರದ್ದು. ಬಹಳ ಕಡೆ ರೈತರು ದುಡ್ಡು ತೆಗೆದುಕೊಳ್ಳದೆ ಜಾಗ ಬಿಟ್ಟುಕೊಟ್ಟಿದ್ದಾರೆ. ಕಟ್ಟಿ ಮುಗಿದ ಮೇಲೆ ನೋಡಿಕೊಳ್ಳುವ ಜವಾಬ್ದಾರಿ ಸ್ಥಳೀಯ ಸಂಘದ್ದು. ಅದಕ್ಕೆ ಅಲ್ಲಿ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಅಂತಾರೆ. ಐದು ಜನ ನಿರ್ದೇಶಕರು, ಅವರಲ್ಲಿ ಮೂವರು ಚುನಾವಣೆಯಿಂದ ಬಂದವರು. ಹೆಚ್ಚಿನವರು ರೈತರು, ಸಂಬಳ ಇಲ್ಲ. ಅಂದರೆ ನಮ್ಮಂಥವರೇ! ಸಭೆಗೆ ಬಂದು ಟೀ ಕುಡಿದು ಜಗಳ ಆಡಿ ಹೋಗುವವರು ಅಂತ ಅಕ್ಕನ ಮಗ ತಮಾಷೆ ಮಾಡಿದ.

ಕಟ್ಟೆ ಹೇಗಿರುತ್ತದೆ ಅಂದರೆ, ಏರಿ ನಮ್ಮ ಹಾಗೇ ಮಣ್ಣಿನದು, ಮೇಲೆ ಹುಲ್ಲು. ಕೆರೆಯೊಳಗೆ ನಿಂತ ಕೊಳವೆ ಒಂದಿರುತ್ತದೆ, ನೀರು ಅದರ ಬಾಯಿ ಮಟ್ಟಕ್ಕೆ ಬಂದರೆ ತಾನಾಗಿ ಒಳಗೆ ಬಿದ್ದು ಏರಿ ಅಡಿಯಿಂದ ಆಚೆ ಹೋಗುತ್ತದೆ. ಬಾಗಿಲಿಲ್ಲ, ತಿರುಪಿಲ್ಲ, ಯಾರೂ ಎದ್ದು ಹೋಗಿ ತೆಗೆಯಬೇಕಾಗಿಲ್ಲ. ಭಾರಿ ಮಳೆ ಬಂದರೆ ಪಕ್ಕದಲ್ಲಿ ಹುಲ್ಲು ಬೆಳೆಸಿದ ಅಗಲವಾದ ಕೋಡಿ. ಅದಕ್ಕೂ ಮೇಲೆ ನೀರು ಬಂದು ಏರಿ ಮೇಲೇ ಹರಿಯಿತೋ, ಕಥೆ ಮುಗಿದಂತೆ. ಮಣ್ಣಿನ ಏರಿ ಒಳಗಿನ ನೀರನ್ನು ವರ್ಷಗಟ್ಟಲೆ ತಡೆಯುತ್ತದೆ, ತಲೆ ಮೇಲೆ ಹರಿಯುವ ನೀರನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಹಿಂಬದಿ ಕೊರೆಯುತ್ತಾ ಕೊರೆಯುತ್ತಾ ಮುಂದಕ್ಕೆ ಬರುತ್ತದೆ. ಆದ್ದರಿಂದ ಕೋಡಿ ಅಂದರೆ ಏರಿಯ ಪ್ರಾಣ. ಅದರ ಮೇಲೆ ಕಲ್ಲು ಪೇರಿಸುವವರು ಇಲ್ಲಿ ಕೂತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ದರ್ಜೆಯ ವಿಷಯ. ಇಲ್ಲೇ ನಾನು ಮೊದಲು ತಪ್ಪು ತಿಳಿದುಕೊಂಡಿದ್ದೆ, ನೀವೂ ತಿಳಿದುಕೊಳ್ಳುತ್ತೀರಿ.

ಅಲ್ಲಿ ಒಂದೊಂದು ಕಟ್ಟೆಗೂ ಎರಡು ದರ್ಜೆ ಇರುತ್ತದೆ. ಒಂದಕ್ಕೆ ಹಜಾರ್ಡ್ ದರ್ಜೆ ಅಂತಾರೆ, ನಾವು ಹಾನಿಯ ದರ್ಜೆ ಅನ್ನೋಣ. ಹೆಚ್ಚು, ಮಧ್ಯಮ, ಕಡಿಮೆ ಅಂತ ಮೂರು. ಕಟ್ಟೆ ಒಡೆದರೆ ಜೀವ ಹೋಗುವ ಸಂಭವ ಇದ್ದರೆ ಹೆಚ್ಚು. ಜೀವಕ್ಕೆ ಅಪಾಯವಿಲ್ಲ, ಆದರೆ ರಸ್ತೆ, ಕರೆಂಟು, ಆಸ್ತಿ ನಷ್ಟವಾಗುತ್ತದೆ ಅಂದರೆ ಮಧ್ಯಮ. ಹೊಲಗದ್ದೆ ಮಾತ್ರ ಕೊಚ್ಚಿಹೋಗುತ್ತದೆ, ಕಟ್ಟೆಯ ಯಜಮಾನನಿಗೇ ನಷ್ಟ ಅಂದರೆ ಕಡಿಮೆ. ಎರಡನೆಯದು ಸ್ಥಿತಿಯ ದರ್ಜೆ. ಇಂಜಿನಿಯರು ಬಂದು ನೋಡಿ ತೃಪ್ತಿಕರ, ಪರವಾಗಿಲ್ಲ, ಕಳಪೆ, ಅತೃಪ್ತಿಕರ ಅಂತ ನಾಲ್ಕರಲ್ಲಿ ಒಂದು ಬರೆಯುತ್ತಾರೆ. ನೋಡೇ ಇಲ್ಲದಿದ್ದರೆ ದರ್ಜೆ ಇಲ್ಲ ಅಂತ ಬರೆಯುತ್ತಾರೆ.

ಹಾನಿಯ ದರ್ಜೆ 'ಕಡಿಮೆ' ಅಂದರೆ ಕಟ್ಟೆ ಗಟ್ಟಿಯಾಗಿದೆ ಅಂತ ಅಲ್ಲ. 'ಹೆಚ್ಚು' ಅಂದರೆ ಕಟ್ಟೆ ಬೀಳುತ್ತದೆ ಅಂತಲೂ ಅಲ್ಲ. ಅದು ಏರಿಯನ್ನು ನೋಡಿ ಕೊಡುವ ದರ್ಜೆಯೇ ಅಲ್ಲ. ಏರಿಗೆ ಬೆನ್ನು ಹಾಕಿ ನಿಂತು ಕೆಳಗೆ ಯಾರಿದ್ದಾರೆ ಅಂತ ನೋಡಿ ಕೊಡುವ ದರ್ಜೆ.

ನಮ್ಮ ಸಂಘದ ಲೆಕ್ಕದಲ್ಲಿ ಹೇಳುತ್ತೇನೆ. ಪ್ರತಿ ವರ್ಷ ಆಡಿಟ್ ಆಗಿ ಸಂಘಕ್ಕೆ ಎ, ಬಿ, ಸಿ, ಡಿ ಅಂತ ವರ್ಗ ಕೊಡುತ್ತಾರಲ್ಲ, ಅದು ಸ್ಥಿತಿಯ ದರ್ಜೆ ಇದ್ದ ಹಾಗೆ. ಹಾನಿಯ ದರ್ಜೆ ಯಾವುದಪ್ಪಾ ಅಂದರೆ, ಈ ಸಂಘದಲ್ಲಿ ಎಷ್ಟು ಜನ ವಿಧವೆಯರು, ಎಷ್ಟು ಜನ ಕೂಲಿಯವರು ಠೇವಣಿ ಇಟ್ಟಿದ್ದಾರೆ, ಮುಳುಗಿದರೆ ಯಾರ್ಯಾರು ಮುಳುಗುತ್ತಾರೆ ಅನ್ನುವುದು. ಸಂಘ ಎ ವರ್ಗದಲ್ಲಿರಬಹುದು, ಠೇವಣಿ ಜಾಸ್ತಿ ಇದ್ದರೆ ನಾವು ರಾತ್ರಿ ಹೆಚ್ಚು ಎಚ್ಚರ ಇರಬೇಕು. ಇವೆರಡನ್ನೂ ಕಲೆಸಿಬಿಟ್ಟರೆ ಮೋಸ ಹೋಗುತ್ತೇವೆ.

ಈಗ ನೆನಪಿಟ್ಟುಕೊಳ್ಳಿ ಅಂದಿದ್ದ ಮಾತಿಗೆ ಬರುತ್ತೇನೆ. ಒಕ್ಲಹೋಮಾದ ಎಷ್ಟೋ ಕಟ್ಟೆಗಳು ಕಟ್ಟುವಾಗ 'ಕಡಿಮೆ' ದರ್ಜೆಯವು. ಕೆಳಗೆ ಬರೀ ಗೋಧಿ ಹೊಲ, ದನ ಮೇಯುವ ಬಯಲು. ಕಡಿಮೆ ದರ್ಜೆ ಅಂದ ಮೇಲೆ ಅದಕ್ಕೆ ತಕ್ಕ ಸಣ್ಣ ಕೋಡಿ ಸಾಕು ಅಂತ ಲೆಕ್ಕ ಹಾಕಿ ಕಟ್ಟಿದರು. ಕಟ್ಟೆ ಆದ ಮೇಲೆ ನೆರೆ ನಿಂತಿತು. ನೆರೆ ನಿಂತದ್ದರಿಂದ ಜನಕ್ಕೆ ಧೈರ್ಯ ಬಂದು ಕೆಳಗೆ ಮನೆ ಕಟ್ಟಿದರು, ಶಾಲೆ ಬಂತು, ರಸ್ತೆ ಬಂತು. ಒಂದು ಹಿಡಿ ಮಣ್ಣು ಅಲ್ಲಾಡಲಿಲ್ಲ, ಏರಿ ಇದ್ದ ಹಾಗೇ ಇದೆ, ಆದರೆ ದರ್ಜೆ ಕಡಿಮೆಯಿಂದ ಹೆಚ್ಚಿಗೆ ಹೋಯಿತು. ಹೆಚ್ಚು ದರ್ಜೆಯ ಕಟ್ಟೆಗೆ ಕೋಡಿ ಬಹಳ ದೊಡ್ಡದಿರಬೇಕು, ಆ ಸೀಮೆಯಲ್ಲಿ ಬೀಳಬಹುದಾದ ಅತಿ ದೊಡ್ಡ ಮಳೆಯ ನೀರನ್ನೂ ಏರಿ ಮೇಲೆ ಹತ್ತಿಸದೆ ದಾಟಿಸಬೇಕು. ಹಳೇ ಕೋಡಿ ಅದಕ್ಕೆ ಸಾಲದು. ಹೀಗೆ ಚೆನ್ನಾಗಿರುವ ಕಟ್ಟೆಯೇ ಕಾಗದದ ಮೇಲೆ ಕೊರತೆಯ ಕಟ್ಟೆ ಆಗಿಬಿಟ್ಟಿತು. ಜೊತೆಗೆ ಇವುಗಳಲ್ಲಿ ಬಹಳಷ್ಟಕ್ಕೆ ಹಾಕಿದ್ದ ಆಯಸ್ಸೇ 50 ವರ್ಷ. ಅದು ಮುಗಿಯುತ್ತಾ ಬಂದಾಗ ಕೊಳವೆ ತುಕ್ಕು, ಹೂಳು, ಏರಿ ಮೇಲೆ ಸೀಡರ್ ಮರ, ಹೆಗ್ಗಣದಂಥ ಪ್ರಾಣಿಗಳ ಬಿಲ. 2000ದಲ್ಲಿ ಅಲ್ಲಿ ದುರಸ್ತಿಗೇ ಬೇರೆ ಕಾನೂನು ಮಾಡಬೇಕಾಯಿತು.

ಅವರು ಈ ದರ್ಜೆ ಪದ್ಧತಿಗೆ ಸುಮ್ಮನೆ ಬಂದವರಲ್ಲ, ಪೆಟ್ಟು ತಿಂದು ಬಂದವರು. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಜಾರ್ಜಿಯಾ ರಾಜ್ಯದ ಟೊಕೋವಾ ಫಾಲ್ಸ್‌ನಲ್ಲಿ ಕೆಲ್ಲಿ ಬಾರ್ನ್ಸ್ ಅನ್ನುವ ಮಣ್ಣಿನ ಕಟ್ಟೆ ಒಡೆಯಿತು. ಎತ್ತರ ಸುಮಾರು 40 ಅಡಿ, ಅಷ್ಟೆ. ಕೆಳಗೆ ಒಂದು ಕಾಲೇಜು. ಮಲಗಿದ್ದವರಲ್ಲಿ 39 ಜನ ಸತ್ತರು. ಏರಿಯ ಹಿಂಬದಿ ಕಡಿದಾಗಿತ್ತು, ಮೈಮೇಲೆ ಮರ ಬೆಳೆದಿದ್ದವು, ಮೊದಲೇ ಒಮ್ಮೆ ಕುಸಿದಿತ್ತು. ಆಗಿನ ಅಧ್ಯಕ್ಷ ಕಾರ್ಟರ್ ಅವರು ಅದೇ ಜಾರ್ಜಿಯಾದವರು, ಕಡಲೆಕಾಯಿ ಬೆಳೆಯುವ ರೈತ ಮನೆತನ. ಕೆಳಗೆ ಜನ ಇರುವ ಕಟ್ಟೆಗಳನ್ನೆಲ್ಲ ಪರೀಕ್ಷೆ ಮಾಡಿ ಅಂತ ಆಜ್ಞೆ ಮಾಡಿದರು. ನಾಲ್ಕು ವರ್ಷದಲ್ಲಿ ಒಂಬತ್ತು ಸಾವಿರದ ಹತ್ತಿರ ಕಟ್ಟೆ ನೋಡಿದಾಗ ಸುಮಾರು ಮೂರರಲ್ಲಿ ಒಂದು ಸುರಕ್ಷಿತವಲ್ಲ ಅಂತ ಬಂತು.

ಹಾಗಂತ ದರ್ಜೆ ಬರೆದ ಕೂಡಲೇ ಎಲ್ಲಾ ಸರಿಹೋಯಿತೇ? ಅದೂ ಇಲ್ಲ. ಮಿಶಿಗನ್ ರಾಜ್ಯದ ಈಡನ್‌ವಿಲ್ ಕಟ್ಟೆಯ ಕಥೆ ಕೇಳಿ. ಇದು ಸಣ್ಣದಲ್ಲ, 1924ರ ಸುಮಾರಿನ ಕರೆಂಟಿನ ಕಟ್ಟೆ, ಆದರೆ ಏರಿ ಮಣ್ಣಿನದೇ. ಕೋಡಿ ಸಾಲದು ಅಂತ ವರ್ಷಗಟ್ಟಲೆ ನೋಟಿಸು ಹೋಗಿ, ಮಾಲೀಕರು ಮಾಡದೆ, 2018ರಲ್ಲಿ ಅದರ ವಿದ್ಯುತ್ ಲೈಸೆನ್ಸ್ ರದ್ದಾಯಿತು. ಅದೇ ವರ್ಷ ರಾಜ್ಯದವರು ನೋಡಿ ಸ್ಥಿತಿ 'ಪರವಾಗಿಲ್ಲ' ಅಂತ ಬರೆದರು. 2020ರ ಮೇ 19ರಂದು ಒಡೆಯಿತು. ನೀರು ಏರಿ ಮೇಲೆ ಹತ್ತಲೂ ಇಲ್ಲ. ಒಳಗೆ ಸಡಿಲವಾಗಿದ್ದ ಮರಳು ನೀರು ಕುಡಿದು ಕೆಸರಿನ ಹಾಗೆ ಜಾರಿತು. ಹತ್ತು ಸಾವಿರದಷ್ಟು ಜನರನ್ನು ಮೊದಲೇ ಮನೆ ಬಿಡಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಹಾನಿಯ ದರ್ಜೆ 'ಹೆಚ್ಚು' ಇರುವ ಕಟ್ಟೆಗೆ ಅಲ್ಲಿ ಒಂದು ಯೋಜನೆ ಬರೆದಿಟ್ಟಿರುತ್ತಾರೆ. ಒಡೆದರೆ ನೀರು ಎಲ್ಲೆಲ್ಲಿ ಹೋಗುತ್ತದೆ ಎಂಬ ನಕ್ಷೆ, ಯಾರು ಯಾರಿಗೆ ಫೋನ್ ಮಾಡಬೇಕು, ಜನ ಯಾವ ದಾರಿಯಲ್ಲಿ ಹೋಗಬೇಕು. ಸ್ಥಿತಿಯ ದರ್ಜೆ ಬರೆದ ಕಾಗದ ಅಲ್ಲಿ ಕೈಕೊಟ್ಟಿತು, ಜನರನ್ನು ಹೊರಡಿಸಿದ ಏರ್ಪಾಡು ಜೀವ ಉಳಿಸಿತು.

ದೂರದ ಮಾತು ಸಾಕು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ, ರತ್ನಾಗಿರಿ ಜಿಲ್ಲೆ ಚಿಪಳೂಣ್ ತಾಲ್ಲೂಕಿನ ತಿವರೆ ಕಟ್ಟೆ 2019ರ ಜುಲೈ 2ರ ರಾತ್ರಿ ಒಡೆಯಿತು. ಅದೂ ಮಣ್ಣಿನದೇ. ಕೆಳಗಿನ ಕೇರಿಯೇ ಕೊಚ್ಚಿಹೋಗಿ ಇಪ್ಪತ್ತರ ಆಸುಪಾಸು ಜನ ತೀರಿಕೊಂಡರು. ಏರಿ ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಆಮೇಲೆ ಅಲ್ಲಿನ ಮಂತ್ರಿಗಳು ಏಡಿಗಳು ಕೊರೆದು ಕಟ್ಟೆ ಸಡಿಲವಾಯಿತು ಅಂತ ಹೇಳಿ ದೇಶವೆಲ್ಲ ನಕ್ಕಿತು. ನಾನು ಪೂರ್ತಿ ನಗಲಿಲ್ಲ. ಏಡಿ ಬಿಲದಲ್ಲಿ ನೀರು ಹೊಕ್ಕು ಬದು ಕಿತ್ತುಹೋಗುವುದನ್ನು ಗದ್ದೆ ಮಾಡುವ ನಾವೆಲ್ಲ ನೋಡಿದ್ದೇವೆ. ಆದರೆ ಏಡಿ ಬಿಲ ತೋಡುತ್ತದೆ ಅಂತ ಗೊತ್ತಿದ್ದ ಮೇಲೆ ಬಿಲ ಮುಚ್ಚುವುದು ಮನುಷ್ಯನ ಕೆಲಸ ಅಲ್ಲವೇ? ಏಡಿಗೆ ನೋಟಿಸು ಕೊಡೋಕಾಗುತ್ತದೆಯೇ?

ನಮ್ಮ ದೇಶದಲ್ಲೂ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. ಕೊರತೆಗಳನ್ನು ಒಂದು, ಎರಡು, ಮೂರು ಅಂತ ವರ್ಗ ಮಾಡುತ್ತಾರೆ. ಕಟ್ಟೆಯನ್ನೇ ಬೀಳಿಸಬಹುದಾದ್ದು ಒಂದನೇ ವರ್ಗ, ಬೇಗ ರಿಪೇರಿ ಆಗಬೇಕಾದ ದೊಡ್ಡ ಕೊರತೆ ಎರಡನೆಯದು, ಸಣ್ಣಪುಟ್ಟದ್ದು ಮೂರನೆಯದು. ಆದರೆ ಈ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗೆ, ಇಲ್ಲವೇ 10ರಿಂದ 15 ಮೀಟರ್ ಇದ್ದು ಉದ್ದವೋ ನೀರಿನ ಪ್ರಮಾಣವೋ ದೊಡ್ಡದಿರುವ ಕಟ್ಟೆಗೆ. ನಮ್ಮ ಏರಿ ಆಳ ಇರುವ ಕಡೆ 22 ಅಡಿ, ಅಂದರೆ 7 ಮೀಟರೂ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಪೇಪರಿನಲ್ಲಿ, ಟೀವಿಯಲ್ಲಿ ಬಂದದ್ದೇ ಬಂದದ್ದು, ಪರಿಣತರು ಓಡಿಬಂದರು. ನಮ್ಮ ಕೆರೆಗೆ ಯಾರು ಬರುತ್ತಾರೆ? ನಮ್ಮದು 'ದರ್ಜೆ ಇಲ್ಲ' ಅನ್ನುವ ಗುಂಪಿನದು. ಗುಂಪಿನಲ್ಲಿ ಜನ ಬಹಳ, ನಾಡಿನಲ್ಲಿ ಇಂಥ ಕೆರೆ ಸಾವಿರಾರು.

ನಮ್ಮ ಹಿರಿಯರು ಇದನ್ನು ಮರೆತವರಲ್ಲ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ಬರುವ ಆರು ದೋಷ ಅದರಲ್ಲಿ ಕೆತ್ತಿದ್ದಾರೆ. ಆ ದೋಷಗಳಲ್ಲಿ ಒಂದು ಯಾವುದು ಗೊತ್ತೇ? ಏರಿಯಿಂದ ನೀರು ಜಿನುಗುವುದು.

ಅಕ್ಕನ ಮಗನೂ ನಾನೂ ಒಂದು ದಿನ ಕೂತು ನಮ್ಮ ಕೆರೆಗೆ ನಾವೇ ದರ್ಜೆ ಬರೆದೆವು. ಇದು ಸರ್ಕಾರದ್ದಲ್ಲ, ಇಂಜಿನಿಯರ್ ಸಹಿ ಇಲ್ಲ, ನಮ್ಮ ಸಮಾಧಾನಕ್ಕೆ. ಹಾನಿಯ ದರ್ಜೆಯಲ್ಲಿ ಚರ್ಚೆಯೇ ಬರಲಿಲ್ಲ. ಕೆಳಗೆ ಮೂವತ್ತು ಮನೆ, ಅಂಗನವಾಡಿ. ಹೆಚ್ಚು. ಸ್ಥಿತಿಯ ದರ್ಜೆಯಲ್ಲಿ ನಾನು 'ಪರವಾಗಿಲ್ಲ' ಅಂದೆ. ಅವನು ಒಪ್ಪಲಿಲ್ಲ. ಏರಿ ಹಿಂಬದಿಯಲ್ಲಿ ಜಾಲಿ ಪೊದೆ ಎಷ್ಟು ದಟ್ಟ ಅಂದರೆ ಒಳಗೆ ಏನಿದೆ ಕಾಣುವುದಿಲ್ಲ, ಕಾಣದೇ ಇರುವುದಕ್ಕೆ ಪರವಾಗಿಲ್ಲ ಅಂತ ಹೇಗೆ ಬರೆಯುತ್ತೀರಿ ಮಾಮ ಅಂದ. ಅದೂ ಸರಿಯೇ. ಗೊಬ್ಬರದ ಸ್ಟಾಕು ನೋಡದೆ ಸ್ಟಾಕು ಸರಿ ಇದೆ ಅಂತ ಸಹಿ ಮಾಡಿದ ಹಾಗೆ. 'ಕಳಪೆ' ಅಂತಲೇ ಬರೆದೆವು.

ಈಗ ಗೋದಾಮಿನ ಮಾತು. ಅಲ್ಲಿ ಕಟ್ಟಿದರೆ ಗೊಬ್ಬರ ನೆನೆಯುತ್ತದೆ ಅಂತ ಮಾತ್ರ ನನ್ನ ತಕರಾರಲ್ಲ, ಗೊಬ್ಬರಕ್ಕೆ ವಿಮೆ ಮಾಡಿಸಬಹುದು. ನಾವು ಗೋದಾಮು ಕಟ್ಟಿದರೆ ಅದರ ಎದುರು ಟೀ ಅಂಗಡಿ ಬರುತ್ತದೆ, ಹಮಾಲರು ಮಲಗುತ್ತಾರೆ, ಸೊಸೈಟಿಯೇ ಕಟ್ಟಿದೆ ಅಂತ ಇನ್ನು ಹತ್ತು ಮನೆ ಏಳುತ್ತವೆ. ಈಗಾಗಲೇ ಇರುವ ಮೂವತ್ತು ಮನೆಯವರನ್ನು ಏಳಿ ಅನ್ನುವ ಹಕ್ಕು ನನಗಿಲ್ಲ. ಬೇರೆ ಕಡೆ ಜಾಗ ಇಲ್ಲದವರು, ಹಂಚಿಕೊಟ್ಟ ನಿವೇಶನದಲ್ಲಿ ಕಟ್ಟಿಕೊಂಡವರು. ಆದರೆ ಅವರ ಜೊತೆಗೆ ಇನ್ನೂ ಜನರನ್ನು ಕರೆತಂದು ನಿಲ್ಲಿಸುವ ಕೆಲಸ ಸಂಘದಿಂದ ಆಗಬಾರದು. ಮೇಲ್ಕೇರಿ ದಿಣ್ಣೆಯ ಜಾಗಕ್ಕೆ ದುಡ್ಡು ಕೊಡಬೇಕಾಗುತ್ತದೆ ನಿಜ. ಕೊಡೋಣ ಅಂತ ನನ್ನ ಅಭಿಪ್ರಾಯ. ಸಭೆ ಏನು ತೀರ್ಮಾನ ಮಾಡಿದರೂ ನಾನು ಬದ್ಧ, ಆದರೆ ಇದನ್ನು ಕೇಳಿ ತೀರ್ಮಾನ ಮಾಡಿ.

ಇನ್ನೊಂದು ವಿಷಯ ಆಡಳಿತ ಮಂಡಳಿಯಲ್ಲಿ ಆಗಲೇ ಮಾತಾಗಿದೆ. ಸಂಘದಲ್ಲಿ ಒಂದು ಪುಸ್ತಕ ಇಡುತ್ತೇವೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಕೆರೆ ತುಂಬಿದಾಗ ದಿನಾ, ಇಬ್ಬರು ಏರಿ ಮೇಲೆ ಒಮ್ಮೆ, ಏರಿ ಬುಡದಲ್ಲಿ ಒಮ್ಮೆ ನಡೆದು ಬಂದು ಬರೆಯಬೇಕು. ಜಿನುಗು ಎಲ್ಲಿದೆ, ನೀರು ತಿಳಿಯೋ ಬಗ್ಗಡವೋ, ಬಿರುಕು ಇದೆಯೋ, ಬಿಲ ಎಷ್ಟು, ಕೋಡಿಯಲ್ಲಿ ಏನಾದರೂ ಅಡ್ಡ ಇದೆಯೋ. ಖಾಲಿ ಗೊಬ್ಬರದ ಚೀಲ ಇನ್ನೂರು ಮಾರದೆ ಎತ್ತಿಡಬೇಕು. ಕೆಳಗಿನ ಮನೆಗಳಲ್ಲಿ ನಡೆಯಲಾಗದ ಮುದುಕರು, ಬಾಣಂತಿಯರು ಯಾರಿದ್ದಾರೆ ಅಂತ ಪಟ್ಟಿ ಸಂಘದ ಗೋಡೆ ಮೇಲೆ ಇರಬೇಕು. ಪುಸ್ತಕದ ನಕಲು ಸಂಬಂಧಪಟ್ಟ ಇಲಾಖೆಗೆ ವರ್ಷಕ್ಕೆರಡು ಸಲ ಕೊಟ್ಟು ಸ್ವೀಕೃತಿ ಪಡೆಯಬೇಕು. ಸ್ವೀಕೃತಿ ಮರೆಯಬೇಡಿ.

ಜಾಲಿ ಕಡಿಯಲು ಅನುಮತಿ ಪತ್ರ ಬಂದಿದೆ. ಬುಡ ಕೀಳಬೇಡಿ ಅಂತ ಬರೆದಿದ್ದಾರೆ, ಕಿತ್ತರೆ ಆ ಗುಂಡಿಯಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಇದೇ ಭಾನುವಾರ ಬೆಳಿಗ್ಗೆ 7 ಗಂಟೆಗೆ ತೂಬಿನ ಹತ್ತಿರ ಸೇರೋಣ. ಮಚ್ಚು, ಕುಡುಗೋಲು ಅವರವರೇ ತರಬೇಕು. ತಿಂಡಿ ಸಂಘದ್ದು.